ಆಪ್ಟಿಶಿಯನ್‌ಗಳ ನಿರಂತರ ಕಲಿಕೆ: ವಾಪಸು ಬಂದ ಕನ್ನಡಕದಿಂದ ಆರಂಭಿಸುವ ಕ್ರಮ

ಆಪ್ಟಿಕಲ್ಸ್ ಅಂಗಡಿಗಳಲ್ಲಿ ಕೆಲಸ ಮಾಡುವ ಅನೇಕರು ಈ ವಿದ್ಯೆಯನ್ನು ಹಿರಿಯರೊಬ್ಬರ ಪಕ್ಕದಲ್ಲಿ ನಿಂತು ಕಲಿತವರು. ಪಿಡಿ (ಎರಡು ಪಾಪೆಗಳ ನಡುವಿನ ಅಂತರ) ಅಳೆಯುವ ಸ್ಕೇಲ್ ಹಿಡಿಯುವುದು, ಗ್ಲಾಸನ್ನು ಫ್ರೇಮಿಗೆ ಕೂರಿಸುವುದು, ಗಿರಾಕಿಯ ಮುಖಕ್ಕೆ ಒಪ್ಪುವ ಫ್ರೇಮ್ ತೆಗೆದುಕೊಡುವುದು ಕೈಗೆ ಬಂದ ಮೇಲೆ ಕಲಿಕೆ ಅಲ್ಲಿಗೇ ನಿಲ್ಲುವುದು ಸಾಮಾನ್ಯ. ಆದರೆ ದೂರಕ್ಕೊಂದು, ಓದಲೊಂದು ಎಂದು ಎರಡು ಭಾಗವಿರುವ ಕೆಟಿ ಬೈಫೋಕಲ್ ಕೇಳುತ್ತಿದ್ದವರ ಮಕ್ಕಳು ಈಗ ಗೆರೆಯಿಲ್ಲದೆ ಮೇಲಿನಿಂದ ಕೆಳಕ್ಕೆ ಪವರ್ ಬದಲಾಗುತ್ತಾ ಹೋಗುವ ಪ್ರೊಗ್ರೆಸ್ಸಿವ್ ಕೇಳುತ್ತಿದ್ದಾರೆ, ಮಕ್ಕಳ ಸಮೀಪದೃಷ್ಟಿ ಏರದಂತೆ ನೋಡಿಕೊಳ್ಳುವ ವಿಶೇಷ ಗ್ಲಾಸುಗಳು ಬಂದಿವೆ, ಮತ್ತು ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಡುತ್ತಿರುವವರು ಮೊದಲು ಮೆಟ್ಟಿಲು ಹತ್ತುವುದು ಬಹಳ ಸಲ ಕನ್ನಡಕದ ಅಂಗಡಿಯದ್ದೇ ಆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ದೃಷ್ಟಿ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೂರದ ಅಥವಾ ಹತ್ತಿರದ ದೃಷ್ಟಿಯ ತೊಂದರೆಯಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆ ತಡೆಯಬಹುದಾಗಿದ್ದದ್ದು ಅಥವಾ ಇನ್ನೂ ಪರಿಹಾರ ಸಿಗದೆ ಉಳಿದಿರುವಂಥದ್ದು. ಅಂಥವರಲ್ಲಿ ಬಹಳ ಜನರಿಗೆ ಬೇಕಾಗಿರುವುದು ಸರಿಯಾದ ಒಂದು ಜೊತೆ ಕನ್ನಡಕ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಎಲೆ ಕೀಳುವ ಕಾರ್ಮಿಕರಿಗೆ ಚಾಳೀಸಿನ ಕನ್ನಡಕ ಕೊಟ್ಟಾಗ, ಕೊಡದವರಿಗೆ ಹೋಲಿಸಿದರೆ ಅವರ ಉತ್ಪಾದಕತೆ ಸುಮಾರು ಶೇ. 22ರಷ್ಟು ಹೆಚ್ಚಾಯಿತು. ನಮ್ಮ ಕೆಲಸಕ್ಕೆ ಇಷ್ಟು ತೂಕವಿರುವಾಗ ಅದನ್ನು ಅರ್ಧ ಕಲಿತು ಮಾಡುವುದು ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಮುಂದುವರಿದ ಕಲಿಕೆ ಎಂದೊಡನೆ ವಿಚಾರ ಸಂಕಿರಣ, ಪ್ರಮಾಣಪತ್ರ, ಕಂಪನಿಯವರು ಹೋಟೆಲಿನಲ್ಲಿ ಏರ್ಪಡಿಸುವ ಭಾಷಣಗಳು ನೆನಪಾಗುತ್ತವೆ. ಅವುಗಳಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಏನು ಕಲಿಯಬೇಕು ಎಂಬುದನ್ನು ಬೇರೆಯವರು ನಿರ್ಧರಿಸಿದರೆ, ಕಲಿತದ್ದು ಕೌಂಟರಿನ ತನಕ ಬಂದು ತಲುಪುವುದು ಕಷ್ಟ. ಆದ್ದರಿಂದ ನಾನು ಸೂಚಿಸುವ ಕ್ರಮ ಇಷ್ಟೇ: ನಿಮ್ಮ ಅಂಗಡಿಗೆ ವಾಪಸು ಬರುವ ಕನ್ನಡಕಗಳೇ ನಿಮ್ಮ ಪಠ್ಯಕ್ರಮವಾಗಲಿ.

ವಾಪಸಾತಿಯ ಪುಸ್ತಕ

ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಂಡು, "ಸರಿಯಿಲ್ಲ" ಎಂದು ವಾಪಸು ಬಂದ ಪ್ರತಿ ಕನ್ನಡಕವನ್ನೂ ಅದರಲ್ಲಿ ದಾಖಲಿಸಿ. ದಿನಾಂಕ, ಬರೆದುಕೊಟ್ಟ ನಂಬರ್, ನಂಬರ್ ಕೊಟ್ಟದ್ದು ಆಸ್ಪತ್ರೆಯೋ ಅಂಗಡಿಯ ಪರೀಕ್ಷೆಯೋ ಎಂಬುದು, ಗ್ಲಾಸಿನ ಬಗೆ, ಫ್ರೇಮ್, ಪಿಡಿ, ಕೂರಿಸಿದ ಎತ್ತರ (ಫ್ರೇಮಿನ ಕೆಳ ಅಂಚಿನಿಂದ ಪಾಪೆಯ ನಡುವಿಗೆ) ಇವೆಲ್ಲ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ದೂರನ್ನು ಗಿರಾಕಿ ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. "ನೆಲ ಎದ್ದು ಬಂದ ಹಾಗೆ ಕಾಣುತ್ತದೆ", "ಓದುವಾಗ ಗದ್ದ ಎತ್ತಬೇಕು", "ಸಂಜೆ ಹೊತ್ತಿಗೆ ಹಣೆ ಹಿಡಿದುಕೊಳ್ಳುತ್ತದೆ" ಎಂಬ ಮಾತುಗಳಲ್ಲಿ ಕಾರಣದ ಸುಳಿವಿರುತ್ತದೆ. ಅದನ್ನು "ಹೊಂದಾಣಿಕೆ ಆಗಿಲ್ಲ" ಎಂದು ಬದಲಿಸಿ ಬರೆದರೆ ಸುಳಿವು ಕಳೆದುಹೋಗುತ್ತದೆ. ಕೊನೆಯ ಅಂಕಣದಲ್ಲಿ ಪತ್ತೆಯಾದ ಕಾರಣವನ್ನೂ ಮಾಡಿದ ಸರಿಪಡಿಕೆಯನ್ನೂ ಬರೆಯಿರಿ. ತಪ್ಪು ಯಾರದೆಂದು ಹುಡುಕುವ ಪುಸ್ತಕ ಇದಲ್ಲವೆಂದು ಮಾಲೀಕರು ಮೊದಲ ದಿನವೇ ಹುಡುಗರಿಗೆ ಹೇಳಬೇಕು, ಇಲ್ಲವಾದರೆ ಅದರಲ್ಲಿ ಯಾರೂ ನಿಜ ಬರೆಯುವುದಿಲ್ಲ.

ಮೂರು ತಿಂಗಳ ದಾಖಲೆಯನ್ನು ಒಟ್ಟಿಗೆ ಓದಿದಾಗ ಕೆಲವು ದೂರುಗಳು ಗುಂಪುಗೂಡುತ್ತವೆ. ಅತಿ ದೊಡ್ಡ ಗುಂಪನ್ನು ಆಯ್ದುಕೊಂಡು ಮುಂದಿನ ತಿಂಗಳ ಕಲಿಕೆಯ ವಿಷಯ ಅದೊಂದೇ ಎಂದು ನಿಗದಿ ಮಾಡಿ. ಒಂದೇ ಸಲಕ್ಕೆ ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ರೂಢಿಗೆ ಬರುವುದಿಲ್ಲ.

ಅಳತೆಯ ಅಭ್ಯಾಸ

ಪ್ರೊಗ್ರೆಸ್ಸಿವ್ ಗ್ಲಾಸಿನ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಅಳತೆ ತೆಗೆದ ರೀತಿ ಎಂದು ನಾನು ಕಂಡುಕೊಂಡಿದ್ದೇನೆ. ಹಾಗಾಗಿ ಇದನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಫ್ರೇಮನ್ನು ಮೊದಲು ಮುಖಕ್ಕೆ ಸರಿಹೊಂದಿಸಿ, ಆಮೇಲೆ ಅಳತೆ ತೆಗೆಯಬೇಕು. ನೋಸ್ ಪ್ಯಾಡ್ ಬಗ್ಗಿಸದೆ, ಕಡ್ಡಿಗಳನ್ನು ಕಿವಿಯ ಹಿಂದೆ ಕೂರಿಸದೆ ಅಳತೆ ತೆಗೆದು, ಗ್ಲಾಸ್ ಬಂದ ಮೇಲೆ ಫ್ರೇಮ್ ಸರಿಪಡಿಸಿದರೆ ಆ ಅಳತೆಗೆ ಅರ್ಥವೇ ಉಳಿಯುವುದಿಲ್ಲ. ಫ್ರೇಮ್ ಸರಿಯಾಗಿ ಕುಳಿತ ಮೇಲೆ ಗಿರಾಕಿಯ ಎದುರು, ಅವರ ಕಣ್ಣಿನ ಮಟ್ಟಕ್ಕೆ ನಿಮ್ಮ ಕಣ್ಣು ಬರುವಂತೆ ಕುಳಿತುಕೊಳ್ಳಿ. ನೀವು ನಿಂತು ಅವರು ಕುಳಿತಿದ್ದರೆ ಗುರುತು ಖಂಡಿತವಾಗಿ ತಪ್ಪುತ್ತದೆ. ನಿಮ್ಮ ಬಲಗಣ್ಣು ಮುಚ್ಚಿ, ತೆರೆದಿರುವ ಎಡಗಣ್ಣನ್ನೇ ನೋಡುವಂತೆ ಗಿರಾಕಿಗೆ ಹೇಳಿ, ಅವರ ಬಲಗಣ್ಣಿನ ಪಾಪೆಯ ನಡುವಿಗೆ ಫ್ರೇಮಿನೊಂದಿಗೆ ಬಂದ ಪವರಿಲ್ಲದ ಡೆಮೊ ಲೆನ್ಸಿನ ಮೇಲೆ ಮಾರ್ಕರಿನಿಂದ ಸಣ್ಣ ಚುಕ್ಕೆ ಇಡಿ. ನಂತರ ಎಡಗಣ್ಣು ಮುಚ್ಚಿ, ಬಲಗಣ್ಣು ತೆರೆದು, ಅವರ ಎಡಗಣ್ಣಿನ ಗುರುತು ಹಾಕಿ. ಇದಾದ ಮೇಲೆ ಅವರನ್ನು ಎದ್ದು ನಿಲ್ಲಿಸಿ, ಬಾಗಿಲಿನಾಚೆ ರಸ್ತೆಯ ಕಡೆ ಸಹಜವಾಗಿ ನೋಡಲು ಹೇಳಿ, ಚುಕ್ಕೆಗಳು ಪಾಪೆಯ ಮೇಲೆಯೇ ಇವೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿ. ಕ್ಯಾಮೆರಾ ಮುಂದೆ ನಿಂತವರಂತೆ ಕತ್ತು ಸೆಟೆಸಿ ಕೂರುವ ಗಿರಾಕಿಗಳು ಬಹಳ; ಅವರು ಎದ್ದು ನಾಲ್ಕು ಹೆಜ್ಜೆ ನಡೆದಾಗ ಮಾತ್ರ ನಿಜವಾದ ಭಂಗಿ ತೋರುತ್ತದೆ. ಎರಡೂ ಕಣ್ಣಿನ ಪಿಡಿಯನ್ನು ಮೂಗಿನ ನಡುವಿನಿಂದ ಬೇರೆಬೇರೆಯಾಗಿ ಬರೆದುಕೊಳ್ಳಿ. ಒಟ್ಟು 64 ಮಿ.ಮೀ. ಇರುವವರಿಗೆ ಎರಡೂ ಕಡೆ 32 ಇರಲೇಬೇಕೆಂಬ ನಿಯಮವಿಲ್ಲ, 31 ಮತ್ತು 33 ಇರಬಹುದು.

ವಾಪಸು ಬಂದ ಪ್ರೊಗ್ರೆಸ್ಸಿವ್ ಗ್ಲಾಸನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಅಡ್ಡಕ್ಕೆ 34 ಮಿ.ಮೀ. ಅಂತರದಲ್ಲಿ ಎರಡು ಬಹಳ ಸಣ್ಣ ಕೆತ್ತನೆಯ ಗುರುತುಗಳು ಕಾಣುತ್ತವೆ. ಕಂಪನಿಯ ಚಾರ್ಟಿನ ಮೇಲೆ ಆ ಗುರುತುಗಳನ್ನು ಕೂಡಿಸಿ ಇಟ್ಟು ಫಿಟ್ಟಿಂಗ್ ಕ್ರಾಸನ್ನು (ಪಾಪೆಯ ಎದುರು ಬರಬೇಕಾದ ಗುರುತು) ಮತ್ತೆ ಬರೆದು, ಕನ್ನಡಕವನ್ನು ಗಿರಾಕಿಗೆ ಹಾಕಿ ನೋಡಿದರೆ ಕ್ರಾಸ್ ಪಾಪೆಯ ಮೇಲಿದೆಯೋ ಕೆಳಗಿದೆಯೋ ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಓದಲು ಗದ್ದ ಎತ್ತಬೇಕು ಎನ್ನುವವರಲ್ಲಿ ಅದು ಸಾಮಾನ್ಯವಾಗಿ ಕೆಳಗಿರುತ್ತದೆ. ನೋಸ್ ಪ್ಯಾಡ್ ಒಳಗೆ ತಂದು ಫ್ರೇಮನ್ನು ಒಂದೆರಡು ಮಿ.ಮೀ. ಏರಿಸಿದರೆ ಎಷ್ಟೋ ಸಲ ಹೊಸ ಗ್ಲಾಸಿನ ಖರ್ಚೇ ಉಳಿಯುತ್ತದೆ. ಈ ಒಂದು ಕೌಶಲವನ್ನು ಅಂಗಡಿಯ ಪ್ರತಿಯೊಬ್ಬರೂ ಹಳೆಯ ಗ್ಲಾಸುಗಳ ಮೇಲೆ ಅಭ್ಯಾಸ ಮಾಡಲಿ.

ಲೆಕ್ಕಗಳನ್ನೂ ಬಿಡಬಾರದು. ಪ್ರೆಂಟಿಸ್ ನಿಯಮದಂತೆ, ಗ್ಲಾಸಿನ ಕೇಂದ್ರ ಪಾಪೆಯಿಂದ ಎಷ್ಟು ಸೆಂ.ಮೀ. ಸರಿದಿದೆಯೋ ಅದನ್ನು ಪವರಿನಿಂದ ಗುಣಿಸಿದರೆ ಉಂಟಾಗುವ ಪ್ರಿಸಂ, ಅಂದರೆ ಬೆಳಕು ಒಂದು ಕಡೆಗೆ ಬಾಗುವ ಪ್ರಮಾಣ, ಸಿಗುತ್ತದೆ. ಎರಡೂ ಕಣ್ಣಿಗೆ −6.00 ಇರುವ, 62 ಪಿಡಿಯ ಹುಡುಗಿಯೊಬ್ಬಳಿಗೆ ಕೇಂದ್ರಗಳು 68 ಮಿ.ಮೀ. ಅಂತರದಲ್ಲಿ ಬರುವಂತೆ ಗ್ಲಾಸ್ ಕೂರಿಸಿದರೆ, ಪ್ರತಿ ಕಣ್ಣಿಗೂ 3 ಮಿ.ಮೀ. ತಪ್ಪಿ 1.8, ಒಟ್ಟಾಗಿ 3.6 ಪ್ರಿಸಂ ಡಯಾಪ್ಟರ್ ಬೀಳುತ್ತದೆ. ಅದೂ ಕಣ್ಣುಗಳನ್ನು ಹೊರಕ್ಕೆ ತಿರುಗಿಸಲು ಒತ್ತಾಯಿಸುವ ದಿಕ್ಕಿನಲ್ಲಿ. ಅವಳ ತಲೆನೋವಿಗೆ ನಂಬರನ್ನು ದೂರುವುದರಲ್ಲಿ ಅರ್ಥವಿಲ್ಲ. ದೊಡ್ಡ ಫ್ರೇಮಿನ ಫ್ಯಾಷನ್ನಿನಲ್ಲಿ ಈ ತಪ್ಪು ಹೆಚ್ಚು. ಸಿಲಿಂಡರಿನ (ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಪವರ್) ಆಕ್ಸಿಸ್, ಅಂದರೆ ಅದು ಕೂರುವ ಕೋನದ ವಿಷಯವೂ ಹಾಗೆಯೇ: 2.00 ಸಿಲಿಂಡರ್ 10 ಡಿಗ್ರಿ ತಿರುಗಿ ಕುಳಿತರೆ ಸುಮಾರು 0.70 ಡಯಾಪ್ಟರಿನಷ್ಟು (ಡಯಾಪ್ಟರ್ ಎಂದರೆ ಪವರಿನ ಮಾನ) ಸಿಲಿಂಡರ್ ತೊಂದರೆ ಉಳಿಯುತ್ತದೆ, 30 ಡಿಗ್ರಿ ತಿರುಗಿದರೆ ಸಿಲಿಂಡರ್ ಹಾಕದೇ ಇದ್ದಷ್ಟೇ ಉಳಿಯುತ್ತದೆ. ಅಮೆರಿಕದ ಆನ್ಸಿ ಮಾನದಂಡ 1.50ಕ್ಕಿಂತ ಹೆಚ್ಚಿನ ಸಿಲಿಂಡರಿಗೆ ಆಕ್ಸಿಸ್‌ನಲ್ಲಿ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವನ್ನು ಒಪ್ಪುವುದಿಲ್ಲ. ಗ್ಲಾಸಿನ ಪವರ್ ಅಳೆಯುವ ಲೆನ್ಸೋಮೀಟರಿನಲ್ಲಿ ತಪಾಸಣೆ ಮಾಡದೆ ಕನ್ನಡಕ ಕೈಗೆ ಕೊಡುವ ಅಂಗಡಿಗೆ ಅದು ತಿಳಿಯುವ ದಾರಿಯೇ ಇಲ್ಲ. ಹೆಚ್ಚಿನ ಪವರಿನವರಲ್ಲಿ ಕಣ್ಣಿಗೂ ಗ್ಲಾಸಿಗೂ ನಡುವಿನ ದೂರವನ್ನೂ ನೋಡಬೇಕು. ಕಣ್ಣಿನಿಂದ 12 ಮಿ.ಮೀ. ದೂರಕ್ಕೆಂದು ಬರೆದ −10.00 ಗ್ಲಾಸ್ ಬೆವರಿಗೆ ಜಾರಿ 17 ಮಿ.ಮೀ.ಗೆ ಬಂದರೆ, ಕಣ್ಣಿಗೆ ಸಿಗುವ ಪವರಿನಲ್ಲಿ ಸುಮಾರು 0.38 ಡಯಾಪ್ಟರ್ ಕಡಿಮೆಯಾಗುತ್ತದೆ. "ಮಧ್ಯಾಹ್ನದ ಮೇಲೆ ಮಸುಕು" ಎಂಬ ದೂರಿಗೆ ಕೆಲವೊಮ್ಮೆ ಹೊಸ ನೋಸ್ ಪ್ಯಾಡೇ ಉತ್ತರ.

ಗ್ಲಾಸಿನ ವಸ್ತುವಿನ ಬಗ್ಗೆ ಒಂದು ಮಾತು. ಸಾಮಾನ್ಯ ಪ್ಲಾಸ್ಟಿಕ್ ಗ್ಲಾಸಾದ ಸಿಆರ್-39ರ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) 1.498, ಅಬ್ಬೆ ಸಂಖ್ಯೆ 58, ಪಾಲಿಕಾರ್ಬೊನೇಟಿನದು 1.586 ಮತ್ತು 30. ಅಬ್ಬೆ ಸಂಖ್ಯೆ ಕಡಿಮೆಯಾದಷ್ಟೂ ಅಂಚಿನಲ್ಲಿ ಬಣ್ಣದ ಗೆರೆ ಕಾಣುವ ಸಾಧ್ಯತೆ ಹೆಚ್ಚು. ಆದರೂ ಮಕ್ಕಳಿಗೂ, ಒಂದೇ ಕಣ್ಣಿನಲ್ಲಿ ದೃಷ್ಟಿಯಿರುವವರಿಗೂ, ಲೇತ್ ಅಥವಾ ವೆಲ್ಡಿಂಗ್ ಕೆಲಸದ ಹತ್ತಿರ ಇರುವವರಿಗೂ ಪೆಟ್ಟು ತಡೆಯುವ ಪಾಲಿಕಾರ್ಬೊನೇಟನ್ನೇ ಸೂಚಿಸಬೇಕು. ಅದನ್ನು ಅಸಿಟೋನಿನಿಂದ ಒರೆಸಬಾರದೆಂಬುದನ್ನು ಅಂಗಡಿಯ ಹೊಸ ಹುಡುಗನಿಗೆ ಮೊದಲ ವಾರವೇ ತಿಳಿಸಿ.

ಯಾವುದು ಕನ್ನಡಕದ ತೊಂದರೆಯಲ್ಲ

ಆಪ್ಟಿಶಿಯನ್ ರೋಗ ನಿರ್ಣಯ ಮಾಡುವವನಲ್ಲ, ಔಷಧ ಕೊಡುವವನೂ ಅಲ್ಲ. ಆದರೆ ಯಾರನ್ನು ಇಂದೇ ಕಣ್ಣಿನ ವೈದ್ಯರ ಬಳಿಗೆ ಕಳುಹಿಸಬೇಕು ಎಂಬುದು ಅವನಿಗೆ ಗೊತ್ತಿರಲೇಬೇಕು, ಮತ್ತು ಪ್ರತಿ ವರ್ಷ ಇದನ್ನು ಮತ್ತೆ ಓದಿಕೊಳ್ಳಬೇಕು. ಇದ್ದಕ್ಕಿದ್ದಂತೆ ದೃಷ್ಟಿ ಹೋಗಿರುವುದು. ಮಿಂಚು ಹೊಡೆದಂತೆ ಕಾಣುವುದು, ಹೊಸದಾಗಿ ಕಪ್ಪು ಚುಕ್ಕೆಗಳು ತೇಲುವುದು, ಪರದೆ ಇಳಿದಂತೆ ಒಂದು ಭಾಗ ಮುಚ್ಚುವುದು. ದೀಪದ ಸುತ್ತ ಬಣ್ಣದ ಬಳೆ ಕಾಣುವುದರ ಜೊತೆಗೆ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ. ಏಕಾಏಕಿ ಒಂದು ವಸ್ತು ಎರಡಾಗಿ ಕಾಣುವುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ನೋವಿನೊಂದಿಗೆ ಕೆಂಪು. ಮಗುವಿನ ಪಾಪೆಯಲ್ಲಿ ಬಿಳಿ ಹೊಳಪು. ಇವುಗಳಲ್ಲಿ ಯಾವುದಿದ್ದರೂ ನಂಬರ್ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಚೀಟಿ ಬರೆದು ಕಳುಹಿಸಿ. ಸುಣ್ಣ, ಆಸಿಡ್, ಕೀಟನಾಶಕ ಕಣ್ಣಿಗೆ ಸಿಡಿದು ಓಡಿ ಬಂದವರಿಗೆ ಮಾತ್ರ ಮೊದಲ ಕೆಲಸ ಅಂಗಡಿಯಲ್ಲೇ ಆಗಬೇಕು: ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 15 ನಿಮಿಷ ಶುದ್ಧ ನೀರನ್ನು ಧಾರೆಯಾಗಿ ಹರಿಸಿ, ಆಮೇಲೆ ಆಸ್ಪತ್ರೆಗೆ ಕಳುಹಿಸಬೇಕು.

ಇನ್ನು ಕೆಲವು ಸೂಚನೆಗಳು ಮೆಲ್ಲಗೆ ಬರುವಂಥವು. ಆರು ತಿಂಗಳಲ್ಲಿ ಎರಡು ಸಲ ನಂಬರ್ ಬದಲಾದವರಿಗೆ ಮೂರನೆಯ ಗ್ಲಾಸ್ ಹಾಕುವ ಮುನ್ನ ಕಾರಣ ಯೋಚಿಸಬೇಕು. ಸಕ್ಕರೆಯ ಮಟ್ಟ ಏರಿಳಿದರೆ ನಂಬರೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಸ್ಥಿರವಾಗಿ ನಿಂತ ಮೇಲೆ ಪರೀಕ್ಷಿಸುವುದು ಸರಿ. ವಯಸ್ಸಾದವರು "ಈಗ ಕನ್ನಡಕವಿಲ್ಲದೆಯೇ ಪೇಪರ್ ಓದುತ್ತೇನೆ" ಎಂದು ಸಂತೋಷದಿಂದ ಹೇಳಿದರೆ ಅದು ಪೊರೆ ಬಲಿಯುತ್ತಿರುವ ಲಕ್ಷಣವಿರಬಹುದು. ಸದಾ ಕಣ್ಣುಜ್ಜುವ ಹದಿಹರೆಯದವರಲ್ಲಿ ಸಿಲಿಂಡರ್ ವೇಗವಾಗಿ ಏರುತ್ತಿದ್ದರೆ ಕೆರಟೋಕೋನಸ್ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ ತೆಳುವಾಗಿ ಉಬ್ಬುವ ರೋಗ) ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ. ನಂಬರ್ ಹಾಕಿದರೂ ದೃಷ್ಟಿ ಪೂರ್ಣ ಬಾರದಿದ್ದಾಗ ಸೂಜಿಯಷ್ಟು ತೂತಿರುವ ಪಿನ್‌ಹೋಲ್ ಇಟ್ಟು ನೋಡಿ: ಅದರಲ್ಲಿ ಸುಧಾರಿಸಿದರೆ ನಂಬರಿನಲ್ಲಿ ಇನ್ನೂ ಕೆಲಸ ಬಾಕಿ ಇರುವ ಸಾಧ್ಯತೆ ಹೆಚ್ಚು; ಸುಧಾರಿಸದಿದ್ದರೆ ಕನ್ನಡಕ ಮಾರುವ ಮೊದಲು ವೈದ್ಯರಿಗೆ ತೋರಿಸಬೇಕು. ಮಕ್ಕಳಿಗೆ ಕಂಪ್ಯೂಟರ್ ಚೆಕಪ್ಪಿನ ಚೀಟಿಯನ್ನೇ ನಂಬಿ ಗ್ಲಾಸ್ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮಗುವಿನ ಕಣ್ಣು ಯಂತ್ರದೊಳಗೆ ಹತ್ತಿರಕ್ಕೆ ಹೊಂದಿಕೊಂಡು ಇಲ್ಲದ ಮೈನಸ್ ತೋರಿಸುತ್ತದೆ. ಡ್ರಾಪ್ಸ್ ಹಾಕಿ ಮಾಡುವ ಪರೀಕ್ಷೆ ಆಸ್ಪತ್ರೆಯಲ್ಲಿಯೇ ನಡೆಯಬೇಕು.

ಹಳ್ಳಿಯ ಕಡೆ ಭತ್ತದ ಹೊಟ್ಟು ಅಥವಾ ಕಬ್ಬಿನ ಗರಿ ತಗುಲಿ ಕಣ್ಣು ಕೆಂಪಾದವರು, ಯಾರೋ ಕೊಟ್ಟ ಡ್ರಾಪ್ಸ್ ಅಥವಾ ಸೊಪ್ಪಿನ ರಸ ಹಾಕಿಕೊಂಡು, ಕೊನೆಗೆ "ಕೂಲಿಂಗ್ ಗ್ಲಾಸ್ ಕೊಡಿ" ಎಂದು ಬರುತ್ತಾರೆ. ಇಂಥ ಗಾಯದಲ್ಲಿ ಶಿಲೀಂಧ್ರದ ಹುಣ್ಣು ಆಗುವುದುಂಟು, ಸ್ಟೀರಾಯ್ಡ್ ಇರುವ ಡ್ರಾಪ್ಸ್ ಅದನ್ನು ಉಲ್ಬಣಗೊಳಿಸುತ್ತದೆ. ಆದ್ದರಿಂದ ಪರಿಚಯದವರೇ ಕೇಳಿದರೂ ಕೌಂಟರಿನಿಂದ ಒಂದು ಹನಿ ಔಷಧವನ್ನೂ ಕೊಡಬೇಡಿ.

ಗಿರಾಕಿಯೊಂದಿಗೆ ಮಾತು

ಸೇವೆಯ ತರಬೇತಿಯೆಂದರೆ ನಗುಮುಖ ಮತ್ತು ಕಾಫಿ ಎಂದು ತಿಳಿದವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಮೊದಲು ಪ್ರಶ್ನೆ ಕೇಳುವ ವಿದ್ಯೆ. "ಏನು ಕೆಲಸ ಮಾಡುತ್ತೀರಿ, ಅದನ್ನು ಎಷ್ಟು ದೂರದಲ್ಲಿಟ್ಟುಕೊಂಡು ಮಾಡುತ್ತೀರಿ?" ಎಂದು ಕೇಳಿ, ಟೇಪ್ ಹಿಡಿದು ಆ ದೂರವನ್ನು ಅಳೆಯಿರಿ. ಇಳಕಲ್ಲಿನ ಮಗ್ಗದ ಮುಂದೆ ಕೂರುವವರಿಗೂ, ಹೂ ಕಟ್ಟುವವರಿಗೂ, ಬಸ್ಸು ಓಡಿಸುವವರಿಗೂ, ದಿನವಿಡೀ 60 ಸೆಂ.ಮೀ. ದೂರದ ಪರದೆ ನೋಡುವವರಿಗೂ 50ನೇ ವಯಸ್ಸಿನಲ್ಲಿ ಒಂದೇ ಬಗೆಯ ಗ್ಲಾಸ್ ಹೊಂದುವುದಿಲ್ಲ. ಮೆಟ್ಟಿಲು ಮತ್ತು ಚರಂಡಿ ದಾಟುವ ಹಿರಿಯರಿಗೆ, ಹೊರಗೆ ಓಡಾಡಲು ಬರಿಯ ದೂರದ ನಂಬರಿನ ಬೇರೊಂದು ಕನ್ನಡಕ ಇಟ್ಟುಕೊಳ್ಳುವಂತೆ ಹೇಳುವುದು ಬಿದ್ದು ಪೆಟ್ಟಾಗುವುದನ್ನು ತಡೆಯಬಲ್ಲದು.

ಕನ್ನಡಕ ಕೊಡುವಾಗ ಅರ್ಧ ನಿಮಿಷದಲ್ಲಿ ಮುಗಿಸದೆ, ಬಳಸುವ ರೀತಿಯನ್ನು ಅವರ ಮಾತಿನಲ್ಲೇ ತೋರಿಸಿ. "ಅಮ್ಮಾ, ನೇರವಾಗಿ ನೋಡಿದರೆ ದೂರದ್ದು, ತಲೆ ಹಾಗೇ ಇಟ್ಟು ಕಣ್ಣು ಮಾತ್ರ ಕೆಳಗೆ ಇಳಿಸಿ, ಈಗ ಈ ಅಕ್ಷರ ನೋಡಿ. ಪಕ್ಕಕ್ಕೆ ನೋಡುವಾಗ ಕಣ್ಣಷ್ಟೇ ತಿರುಗಿಸಬೇಡಿ, ಮುಖವನ್ನೂ ತಿರುಗಿಸಿ. ಮೆಟ್ಟಿಲು ಇಳಿಯುವಾಗ ಗದ್ದ ಸ್ವಲ್ಪ ತಗ್ಗಿಸಿ. ಎರಡು ವಾರದಲ್ಲಿ ರೂಢಿಯಾಗದಿದ್ದರೆ ಹಣದ ಚಿಂತೆ ಮಾಡದೆ ಬನ್ನಿ, ನೋಡೋಣ." ಈ ಮಾತುಗಳನ್ನು ಸಹೋದ್ಯೋಗಿಗಳು ಒಬ್ಬರು ಗಿರಾಕಿಯಾಗಿ, ಒಬ್ಬರು ಕೌಂಟರಿನವರಾಗಿ ಹೇಳಿ ಅಭ್ಯಾಸ ಮಾಡಬೇಕು. ಕಿವಿ ಮಂದವಾಗಿರುವ ಹಿರಿಯರಿಗೆ ಎದುರು ನಿಂತು ನಿಧಾನವಾಗಿ ಹೇಳುವುದು, ಅವರ ಜೊತೆ ಬಂದ ಮಗನನ್ನು ನೋಡುತ್ತಾ ಮಾತಾಡದಿರುವುದು, ಓದು ಬಾರದವರಿಗೆ ಅಕ್ಷರದ ಬದಲು ಸೂಜಿ-ದಾರ ಅಥವಾ ಅಕ್ಕಿಯ ಕಾಳು ಕೊಟ್ಟು ಹತ್ತಿರದ ನೋಟ ಪರೀಕ್ಷಿಸುವುದು ಇದೇ ಅಭ್ಯಾಸದ ಭಾಗ.

ಮಾರಾಟದ ಪ್ರಾಮಾಣಿಕತೆಯೂ ಕಲಿಕೆಯ ವಿಷಯವೇ. ನೀಲಿ ಬೆಳಕು ತಡೆಯುವ ಗ್ಲಾಸುಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ), ಪರದೆ ನೋಡುವುದರಿಂದಾಗುವ ಕಣ್ಣಿನ ಆಯಾಸವನ್ನು ಅಲ್ಪಾವಧಿಯಲ್ಲಿ ಅವು ಸಾಮಾನ್ಯ ಗ್ಲಾಸಿಗಿಂತ ಹೆಚ್ಚು ತಗ್ಗಿಸುವ ಸಾಧ್ಯತೆ ಕಡಿಮೆ ಎಂಬ ತೀರ್ಮಾನಕ್ಕೆ ಬಂದಿತು. ಇದು ಗೊತ್ತಿದ್ದೂ "ಇದಿಲ್ಲದಿದ್ದರೆ ಕಣ್ಣು ಹಾಳಾಗುತ್ತದೆ" ಎಂದು ಹೇಳುವುದು ಗಿರಾಕಿಯ ನಂಬಿಕೆಗೆ ಮಾಡುವ ದ್ರೋಹ. ಸಮೀಪದೃಷ್ಟಿಯ ಏರಿಕೆ ತಗ್ಗಿಸುವ ಮಕ್ಕಳ ಗ್ಲಾಸುಗಳ ಸಂಗತಿ ಬೇರೆ. ಅವುಗಳಿಗೆ ಅಧ್ಯಯನಗಳ ಬೆಂಬಲವಿದೆ. ಹಾಂಗ್‌ಕಾಂಗಿನಲ್ಲಿ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ಡಿಮ್ಸ್ ಬಗೆಯ (ನೂರಾರು ಪುಟ್ಟ ಲೆನ್ಸುಗಳನ್ನು ಒಳಗೊಂಡ) ಗ್ಲಾಸ್ ಏರಿಕೆಯನ್ನು ಅರ್ಧದಷ್ಟು ನಿಧಾನಗೊಳಿಸಿತು. ಆದರೆ ಅವುಗಳನ್ನೂ ಕಣ್ಣಿನ ವೈದ್ಯರ ಪರೀಕ್ಷೆಯ ನಂತರ, ದಿನವಿಡೀ ಹಾಕಿಕೊಳ್ಳಬೇಕೆಂಬುದನ್ನೂ ಬಿಸಿಲಿನಲ್ಲಿ ಆಡುವ ಸಮಯವನ್ನು ಹೆಚ್ಚಿಸಬೇಕೆಂಬುದನ್ನೂ ತಂದೆತಾಯಿಗೆ ತಿಳಿಸಿಯೇ ಕೊಡಬೇಕು. ಹಣದ ಅಡಚಣೆ ಇರುವವರಿಗೆ ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯ ಬಗ್ಗೆ, ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗದ ಬಗ್ಗೆ ಹೇಳುವುದರಿಂದ ಅಂಗಡಿಗೆ ನಷ್ಟವಾಗುವುದಿಲ್ಲ.

ಎಲ್ಲಿ ಕಲಿಯುವುದು

ಆಪ್ಟೊಮೆಟ್ರಿಯು (ಕಣ್ಣು ಪರೀಕ್ಷಿಸಿ ನಂಬರ್ ಕೊಡುವ ವೃತ್ತಿ) 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಪದವಿ ಪಡೆಯುವ ಆಸೆಯಿರುವ ಕಿರಿಯರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿವೆ. ಕೆಲಸ ಬಿಟ್ಟು ಹೋಗಲಾರದವರಿಗೆ ಕಣ್ಣಿನ ಆರೋಗ್ಯಕ್ಕಾಗಿ ದುಡಿಯುವ ಆರ್ಬಿಸ್ ಸಂಸ್ಥೆಯ ಜಾಲತಾಣ ಸೈಬರ್‌ಸೈಟ್‌ನಲ್ಲಿ ಉಚಿತ ಪಾಠಗಳಿವೆ, ಕಮ್ಯುನಿಟಿ ಐ ಹೆಲ್ತ್ ಜರ್ನಲ್ ಉಚಿತವಾಗಿ ಓದಲು ಸಿಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಸಹಾಯಕ ಸಾಧನಗಳ ಆನ್‌ಲೈನ್ ತರಬೇತಿಯಲ್ಲಿ ಓದುವ ಕನ್ನಡಕದ ಭಾಗವಿದೆ. ಇವೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಅಂಗಡಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರು ಪಾಠ ನೋಡಿ, ಉಳಿದವರಿಗೆ ಕನ್ನಡದಲ್ಲಿ ವಿವರಿಸುವ ವ್ಯವಸ್ಥೆ ಮಾಡಿಕೊಂಡರೆ ಇಬ್ಬರಿಗೂ ಲಾಭ. ಲೆನ್ಸ್ ಕಂಪನಿಗಳ ತರಬೇತಿಗೂ ಹೋಗಿ, ಅಳತೆ ಮತ್ತು ಫಿಟ್ಟಿಂಗ್ ಭಾಗ ಬಹಳ ಉಪಯುಕ್ತ. ಅವರ ಸರಕಿನ ಗುಣಗಾನವನ್ನು ಮಾತ್ರ ಬೇರೆ ಆಧಾರದಿಂದ ಪರೀಕ್ಷಿಸಿಕೊಳ್ಳಿ. ಹತ್ತಿರದ ಕಣ್ಣಿನ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಕುಳಿತು ನೋಡಲು ಅನುಮತಿ ಕೇಳುವುದು ಇವೆಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ನೀವು ಕಳುಹಿಸಿದ ರೋಗಿಗೆ ಕೊನೆಗೆ ಏನಾಗಿತ್ತೆಂದು ಅಲ್ಲಿ ವೈದ್ಯರನ್ನೇ ಕೇಳಬಹುದು.

ಕಲಿಕೆಗೆ ವಾರದಲ್ಲಿ ಒಂದು ಗಂಟೆ ಸಾಕು. ಅಂಗಡಿ ತೆರೆಯುವ ಮುನ್ನ, ಆ ವಾರ ವಾಪಸು ಬಂದ ಒಂದು ಕನ್ನಡಕವನ್ನು ಮೇಜಿನ ಮೇಲಿಟ್ಟು, ಲೆನ್ಸೋಮೀಟರ್ ಮತ್ತು ಸ್ಕೇಲ್ ಹಿಡಿದು ಎಲ್ಲರೂ ಸೇರಿ ಕಾರಣ ಹುಡುಕಿ. ಕಂಡುಕೊಂಡದ್ದನ್ನು ಕೌಂಟರಿನ ರೂಢಿಯಲ್ಲಿ ಒಂದು ಬದಲಾವಣೆಯಾಗಿ ಬರೆದು ಗೋಡೆಗೆ ಅಂಟಿಸಿ: "ಫ್ರೇಮ್ ಸರಿಪಡಿಸದೆ ಎತ್ತರ ಅಳೆಯಬಾರದು" ಎಂಬಷ್ಟು ಸರಳವಾಗಿ. ಮುಂದಿನ ಮೂರು ತಿಂಗಳ ಪುಸ್ತಕದಲ್ಲಿ ಅದೇ ದೂರು ಕಡಿಮೆಯಾಗಿದೆಯೇ ನೋಡಿ. ಆಗಿರದಿದ್ದರೆ ಕಾರಣವನ್ನು ತಪ್ಪಾಗಿ ಗುರುತಿಸಿದ್ದೀರಿ ಅಥವಾ ಬದಲಾವಣೆ ಗೋಡೆಯಲ್ಲಷ್ಟೇ ಉಳಿದಿದೆ, ಮತ್ತೆ ಅದೇ ವಿಷಯವನ್ನು ಕೈಗೆತ್ತಿಕೊಳ್ಳಿ. ಪ್ರಮಾಣಪತ್ರಗಳು, ಹಾಜರಾದ ತರಬೇತಿಗಳು, ಆಸ್ಪತ್ರೆಗೆ ಕಳುಹಿಸಿದವರ ಚೀಟಿಯ ಪ್ರತಿಗಳು ಒಂದೇ ಕಡತದಲ್ಲಿರಲಿ; ಚೀಟಿಯ ಪ್ರತಿಗಳಲ್ಲಿ ರೋಗಿಗಳ ವಿವರವಿರುವುದರಿಂದ ಆ ಕಡತವನ್ನು ಕೌಂಟರಿನ ಮೇಲೆ ಬಿಡದೆ ಬೀಗ ಹಾಕಿಡಿ.